ಮರಕುಟಿಗದ ಕೆಳಗಿನ ನೆರಳು

ಕಪ್ಪು ಮರಕುಟಿಗ ಬೀಚ್ ಜಾತಿಯ ಮರದ ಪೊಟರೆಯ ಬಾಯಲ್ಲಿ ಕೂತಿತ್ತು. ಹಿಂದಿನ ಸಂಜೆಯ ಬೆಳಕು ಸಾಲದೆ ಹಕ್ಕಿ ಮಸಿಯ ಮುದ್ದೆಯಂತೆ ಬಂದಿದ್ದರಿಂದ, ಕಾಡಿನ ಪಕ್ಕದ ಮನೆಯ ಮುದುಕಿ ಗೆರ್ಲಿಂಡ್ ಕಂಪ್ಯೂಟರಿನಲ್ಲಿ ಫೋಟೋದ ನೆರಳನ್ನು ಸ್ವಲ್ಪಸ್ವಲ್ಪವೇ ತಿಳಿಗೊಳಿಸಿದಳು. ನೆತ್ತಿಯ ಕೆಂಪು ಮೂಡಿತು. ಕೊಕ್ಕು ಮೂಡಿತು. ಇನ್ನೊಂದಿಷ್ಟು ತಿಳಿಗೊಳಿಸಿದ್ದೇ ತಡ, ಪೊಟರೆಯ ಕೆಳಗೆ ಹಗ್ಗ ಹಿಡಿದು ನಿಂತ ಮಮಾದಿಯ ಮುಖವೂ ಮೂಡಿತು.

ಗಿನಿ ದೇಶದಿಂದ ಬಂದ ಮಮಾದಿಗೆ ದೇಶ ಬಿಡುವ ಆದೇಶವಾಗಿತ್ತು. ಹೆದ್ದಾರಿಗಾಗಿ ಕಡಿಯಲಿದ್ದ ಕಾಡನ್ನು ಕಾಯುವವರ ಜೊತೆ ಅವನೂ ಮರದ ಮೇಲಿನ ಗುಡಿಸಲಲ್ಲಿ ತಲೆಮರೆಸಿಕೊಂಡಿದ್ದ.

ಸೋಮವಾರ ಗರಗಸಗಳು ಬರಲಿದ್ದವು. ಮರಕುಟಿಗದ ವಾಸ ಅಲ್ಲಿದೆಯೆಂದು ಇವತ್ತು ರಾತ್ರಿಯೊಳಗೆ ತೋರಿಸಿದರೆ ತಡೆಯಾಜ್ಞೆ ಸಿಕ್ಕೀತು ಎಂದಿದ್ದ ಕಾಡು ಕಾಯುವವರ ವಕೀಲ ಹಾರ್ಟ್‌ವಿಗ್. ಕಾಡು ಕಡಿಯಲು ಸರ್ಕಾರಕ್ಕೆ ಒಂದು ಸಹಿ ಸಾಕಾಗಿತ್ತು. ಕಾಡಿನಲ್ಲಿ ಜೀವವಿದೆ ಎನ್ನಲು ಮಾತ್ರ ಸಾಕ್ಷಿ ಬೇಕಿತ್ತು.

ಫೋಟೋದ ಕೆಳಭಾಗ ಕತ್ತರಿಸಿ ಕೊಡಲೇ ಎಂದು ಅವಳು ವಕೀಲನನ್ನು ಫೋನಿನಲ್ಲಿ ಕೇಳಿದಳು. ಕತ್ತರಿಸಿದ್ದನ್ನು ನ್ಯಾಯಾಲಯ ಮೂಸಿಯೂ ನೋಡುವುದಿಲ್ಲ, ಕ್ಯಾಮೆರಾದಿಂದ ಬಂದದ್ದು ಬಂದ ಹಾಗೇ ಬೇಕು, ಅದರ ಪ್ರತಿ ರಸ್ತೆ ಕಂಪನಿಗೂ ಹೋಗುತ್ತದೆ ಎಂದ. ಅವಳು ತಿಳಿಗೊಳಿಸಿದ್ದನ್ನು ಅವರು ತಿಳಿಗೊಳಿಸಲಾರರೇ?

ಮಮಾದಿ ಹಿತ್ತಲ ಬಾಗಿಲಿನಿಂದ ಸೂಪು ಕುಡಿಯಲು ಬಂದಾಗ ತೋರಿಸಿದಳು.

"ಹಕ್ಕಿಗಿಂತ ನಾನೇ ಚೆನ್ನಾಗಿ ಬಂದಿದೀನಲ್ಲಜ್ಜಿ," ಎಂದ. ಚಮಚವನ್ನು ಬಟ್ಟಲಿನಲ್ಲಿಟ್ಟು ಎದ್ದುನಿಂತ. "ಕಳಿಸಿಬಿಡಿ. ನಾನೆಲ್ಲಾದ್ರೂ ಹೋಗ್ತೀನಿ."

"ಎಲ್ಲಿಗೋ ಹೋಗ್ತೀಯ ಈ ಚಳೀಲಿ? ಸುಮ್ನೆ ಸೂಪು ಕುಡಿ. ಸಂಜೆಗೆ ಹಕ್ಕಿ ಮತ್ತೆ ಪೊಟರೆಗೆ ಬರತ್ತೆ. ಇನ್ನೊಂದು ತೆಗೀತೀನಿ. ನೀನು ಈ ಮನೆ ಬಿಟ್ಟು ಅಲ್ಲಾಡಬೇಡ."

ಪೊಲೀಸರು ಮನೆ ಜಾಲಾಡಿದರೆ ಮಮಾದಿ ಹಿತ್ತಲಿನಿಂದ ಓಡಿಯಾನು, ಫೋಟೋ ಓಡಲಾರದು ಎಂದು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿದಳು. ಹಕ್ಕಿ ಬರದೇ ಹೋದರೆ ಇರಲೆಂದು ಅಳಿಸದೆ ಉಳಿಸಿದ ಮೂಲ ಫೋಟೋದ ಮೆಮೊರಿ ಕಾರ್ಡನ್ನು ಮನೆಯಲ್ಲಿ ಬಿಡಲು ಧೈರ್ಯ ಸಾಲದೆ, ಕ್ಯಾಮೆರಾದಲ್ಲೇ ಇಟ್ಟುಕೊಂಡು ಹೊರಟಳು.

ಕಾಡಿನಂಚಿನಲ್ಲಿ ಪೊಲೀಸ್ ವ್ಯಾನುಗಳು ಆಗಲೇ ಸಾಲುಗಟ್ಟಿದ್ದವು. ಮುಳ್ಳುಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಬೆಳಕು ಇಳಿಯುತ್ತಲೇ ಇತ್ತು. ಇನ್ನು ಬರಲಾರದು ಅನ್ನುವಷ್ಟರಲ್ಲಿ ಹಕ್ಕಿ ಬಂತು. ಈ ಸಲ ಕೆಳಗೆ ಯಾರೂ ಇರಲಿಲ್ಲ. ಕ್ಲಿಕ್ಕಿಸಿದಳು.

ಆ ಸದ್ದಿಗೋ ಏನೋ, ಟಾರ್ಚುಗಳು ಇತ್ತ ತಿರುಗಿದವು. ತರಗೆಲೆಯ ಮೇಲೆ ಬೂಟುಗಳು ಹತ್ತಿರವಾದವು. ಕಾರ್ಡು ಕಿತ್ತು ದವಡೆಗೆ ಸೇರಿಸಿದಳು. ನಿನ್ನೆಯ ಮಮಾದಿ, ಇವತ್ತಿನ ಹಕ್ಕಿ, ಎರಡೂ ಅದರಲ್ಲೇ.

ಪೊಲೀಸಿನವನು ಹೆಸರು ಕೇಳಿದ. ಅವಳು ತುಟಿ ಬಿಚ್ಚಲಿಲ್ಲ. ಕ್ಯಾಮೆರಾ ಕಸಿದುಕೊಂಡು ತೆರೆದು ನೋಡಿದ. ಖಾಲಿ. ಟಾರ್ಚಿನ ಬೆಳಕು ಅವಳ ಉಬ್ಬಿದ ಕೆನ್ನೆಯ ಮೇಲೆ ನಿಂತಿತು.

"ಬಾಯಿ ತೆಗೀರಿ, ಮೇಡಂ."

ಸೋಮವಾರದ ಗರಗಸಗಳು ಕಣ್ಣ ಮುಂದೆ ಬಂದವು. ವಿಮಾನದ ಮೆಟ್ಟಿಲೇರುವ ಮಮಾದಿಯೂ ಬಂದ. ಗೆರ್ಲಿಂಡ್ ಕಣ್ಣು ಮುಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಲ್ಲಿಗೆ ತಂದು ಕಚ್ಚಿದಳು. ಕಾರ್ಡು ಎರಡಾಯಿತು.