ಪೂಜೆಗೆ ಬಂದ ಸ್ಟೂಲುಗಳು

ನಮ್ಮ ಸೀರೆ ಅಂಗಡಿಯಲ್ಲಿ ಕೂರುವ ಭಾಗ್ಯ ಇದ್ದದ್ದು ಗಿರಾಕಿಗೆ, ಗಲ್ಲಾಪೆಟ್ಟಿಗೆಯ ಮುಂದಿನ ಮಾಲೀಕರಿಗೆ, ಅಂದರೆ ನಮ್ಮ ಮೊದಲಾಳಿಗೆ, ಗೋಡೆಯ ಮೇಲಿನ ಲಕ್ಷ್ಮಿಗೆ. ಉಳಿದವರೆಲ್ಲ ನಿಲ್ಲಬೇಕು. ಮದುವೆಯಾಗಿ ದಾವಣಗೆರೆಯಿಂದ ಕೊಯಮತ್ತೂರಿಗೆ ಬಂದು ಇಲ್ಲಿ ಬಿಲ್ ಹಾಕಲು ಸೇರಿದ ನಾನೂ ನಿಂತೇ ಬಿಲ್ ಹಾಕುತ್ತಿದ್ದೆ. ಸಂಜೆ ಮನೆಗೆ ಹೋದರೆ, ‘ಏನು ಹಿನಾ, ಚಪ್ಪಲಿ ಬಿಗಿಯಾಯ್ತಾ?’ ಎಂದು ಗಂಡ ಕೇಳುತ್ತಿದ್ದ. ಬಿಗಿಯಾದದ್ದು ಚಪ್ಪಲಿಯಲ್ಲ, ಬಾತ ಪಾದ.

ಸ್ಟೂಲುಗಳು ಇರಲಿಲ್ಲವೆಂದಲ್ಲ. ಅಂಗಡಿಯಲ್ಲಿ ದುಡಿಯುವವರಿಗೆ ಆಸನ ಇಡಬೇಕು, ಕೆಲಸದ ನಡುವೆ ಬಿಡುವು ಸಿಕ್ಕರೆ ಕೂರಲು ಬಿಡಬೇಕು ಎಂದು ತಮಿಳುನಾಡಿನಲ್ಲಿ ಕಾನೂನು ಬಂದ ಮೇಲೆ ಮೊದಲಾಳಿ ತಿರುಮೂರ್ತಿಯವರು ಸ್ಟೂಲು ತರಿಸಿದ್ದರು. ತರಿಸಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಮಹಡಿಯ ಗೋಡೌನಿಗೆ ಹಾಕಿಸಿದ್ದರು. ತಪಾಸಣೆಯ ಸುದ್ದಿ ಬಂದರೆ ಅವು ಕೆಳಗಿಳಿಯುತ್ತಿದ್ದವು, ಬಂದವರು ಹೋದೊಡನೆ ಮೇಲೇರುತ್ತಿದ್ದವು. ನಮ್ಮ ಪಾಲಿಗೆ ಆ ಕಾನೂನು ಊಟಕ್ಕಿಲ್ಲದ ಉಪ್ಪಿನಕಾಯಿ.

ರೇಷ್ಮೆ ಸೀರೆಗಳ ಕಡೆ ನಿಲ್ಲುತ್ತಿದ್ದ ಪಳನಿಯಮ್ಮಾಳ್ ಅಕ್ಕ ಹತ್ತಿರದ ನೆಗಮಂ ಎಂಬ ಊರಿನ ನೇಕಾರರ ಮನೆಯವಳು. ಮೊದಲಾಳಿಯ ಮನೆಯವರಂತೆ ಅವಳದೂ ಮನೆಮಾತು ಕನ್ನಡ. ಅದರಲ್ಲಿ ಅರ್ಧ ತಮಿಳು ಬೆರೆತಿದ್ದರೂ ನನ್ನ ಕಿವಿಗೆ ಅದು ಹಬ್ಬದೂಟ. ವರ್ಷಗಟ್ಟಲೆ ನಿಂತು ಅವಳ ಮೊಣಕಾಲು ಬಾತುಹೋಗಿತ್ತು. ನವರಾತ್ರಿಯ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಅವಳು ಸೀರೆಯ ಗಂಟೊಂದರ ಮೇಲೆ ಕೂತುಬಿಟ್ಟಳು. ನಮ್ಮ ಮೇಲ್ವಿಚಾರಕ ಮಾರಪ್ಪನ್ ಅದನ್ನು ನೋಡಿದ. ನಿಲ್ಲಲಾಗದವರು ಆಯುಧ ಪೂಜೆಯ ಪುರಿ-ಕಡಲೆ ಪೊಟ್ಟಣ ತೆಗೆದುಕೊಂಡು ಹೋಗಿ ಮನೆಯಲ್ಲೇ ಕೂರಲಿ, ಮತ್ತೆ ಬರುವುದು ಬೇಡ ಎಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಕಾರ್ಮಿಕ ಇಲಾಖೆಗೆ ದೂರು ಕೊಡೋಣ ಅಕ್ಕಾ, ನಾನೂ ಬರ್ತೀನಿ” ಎಂದೆ.

“ಬೇಡ ಅಮ್ಮಿಣಿ” ಎಂದಳು. ಮಗಳಂಥವರನ್ನು ಈ ಸೀಮೆಯಲ್ಲಿ ಹಾಗೆ ಕರೆಯುತ್ತಾರೆ. “ಚಿಕ್ಕ ಮಗಳು ಇನ್ನಾ ಓದ್ತಾ ಅವ್ಳೆ. ಇದೂ ಹೋದ್ರೆ ಈ ಕಾಲ್ ನೋಡಿ ಯಾರು ಕೆಲ್ಸ ಕೊಟ್ಟಾರು?”

ಪೂಜೆಯ ದಿನ ಬಂತು. ಕತ್ತರಿ, ಮೀಟರ್ ಕೋಲು, ಬಿಲ್ ಮೆಷಿನ್ ಎಲ್ಲವನ್ನೂ ಮಾರಪ್ಪನ್ ಜೋಡಿಸಿಟ್ಟ. ಆಮೇಲೆ ನನ್ನನ್ನು ಕರೆದು, ಗೋಡೌನಿನಲ್ಲಿರುವ ಕೆಲಸದ ಸಾಮಾನೆಲ್ಲ ತಾ, ಒಂದೂ ಉಳಿಯಬಾರದು ಎಂದ. ಆಯುಧ ಪೂಜೆ ನನಗೇನು ಹೊಸದೇ? ನಮ್ಮಪ್ಪನ ಗ್ಯಾರೇಜಿಗೆ ಬರುತ್ತಿದ್ದ ಲಾರಿಗಳಿಗೆಲ್ಲ ಬಾಳೆಕಂದು ಕಟ್ಟಿ ಬೆಳೆದವಳು ನಾನು. ಒಂದೂ ಉಳಿಯಬಾರದು ಎಂದನಲ್ಲ, ಪ್ಲಾಸ್ಟಿಕ್ ಹರಿದೆಸೆದು ಸ್ಟೂಲುಗಳನ್ನೆಲ್ಲ ಕೆಳಗಿಳಿಸಿ, ಕತ್ತರಿಯ ಪಕ್ಕದಲ್ಲೇ ಸಾಲಾಗಿ ಇಟ್ಟೆ.

ಮಾರಪ್ಪನ್ ಹಲ್ಲು ಕಡಿದ. ಅಷ್ಟರಲ್ಲಿ ಪೂಜೆಗೆಂದೇ ನೆಗಮಂನಿಂದ ಬಂದಿದ್ದ ಮೊದಲಾಳಿಯ ತಾಯಿ ಕಮಲಾತಾಳ್ ಕನ್ನಡಕ ಏರಿಸಿಕೊಂಡು, “ಇದ್ಯಾವ್ದು ಹೊಸ ಸಾಮಾನು?” ಎಂದರು.

“ನಾವು ಕೂತು ಕೆಲಸ ಮಾಡೋಕೆ ತಂದ ಸ್ಟೂಲು ಅಜ್ಜಿ.”

ಅಜ್ಜಿ ಮಗನ ಕಡೆ ತಿರುಗಿದರು. “ಮತ್ತೆ ಸುಮ್ನೆ ನಿಂತೀಯಲ್ಲ? ಕುಂಕುಮ ಇಕ್ಕು” ಎಂದರು. “ಮಗ್ಗಕ್ಕೆ ಪೂಜೆ ಮಾಡುವಾಗ ಕೂರಾ ಹಲಗೆನ ಬುಟ್ಟುಡ್ತೀವಾ? ಮೊದಲ್ನೆ ಬೊಟ್ಟು ಅದಕ್ಕೇ ಅಲ್ವಾ? ನಿನ್ನ ಸಾಕಿದ್ದು ಆ ಹಲಗೆ ಮೇಲೆ ಕೂತೇ ಕಣಪ್ಪಾ.”

ತಾಯಿಯ ಮಾತಿಗೆ ಎದುರಾಡುವ ಧೈರ್ಯ ಮೊದಲಾಳಿಗಿರಲಿಲ್ಲ. ಒಂದೊಂದು ಸ್ಟೂಲಿಗೂ ಗಂಧ, ಕುಂಕುಮ ಹಚ್ಚಿ, ಚೆಂಡುಹೂವಿಟ್ಟು ಆರತಿ ಬೆಳಗಿದರು. ಮಾರಪ್ಪನದು ಹರಳೆಣ್ಣೆ ಕುಡಿದ ಮುಖ. ನನಗೆ ನಗು ತಡೆಯಲಾಗದೆ ಬಾಯಿಗೆ ದುಪಟ್ಟಾ ಒತ್ತಿಕೊಂಡೆ.

ಪುರಿ ಪೊಟ್ಟಣ ಹಂಚಿದರು. ಪಳನಿಯಮ್ಮಾಳ್ ಅಕ್ಕ ತನ್ನದನ್ನು ತೆಗೆದುಕೊಂಡು ಬಾಗಿಲ ಕಡೆ ಕುಂಟುತ್ತ ನಡೆದವಳು ಅರ್ಧದಲ್ಲಿ ನಿಂತಳು. ತಿರುಗಿ ಬಂದು ಮೊದಲಾಳಿಗೆ ಕೈಮುಗಿದಳು.

“ಪೂಜೆಗೆ ಇಕ್ಕಿದ್ದನ್ನ ಮಾರನೆ ದಿನ ಎತ್ತಿ ಕೆಲ್ಸ ಸುರು ಮಾಡ್ಬೇಕು, ಇಲ್ಲಾಂದ್ರೆ ತಪ್ಪಲ್ವಾ ಮೊದಲಾಳಿ? ನಾಳೆ ನಾ ಬಂದು ಕೂರ್ಲಾ, ಇಲ್ಲಾ ಮಾರಪ್ಪಣ್ಣ ಹೇಳ್ದಂಗೆ ಮನೇಲೇ ಕೂರ್ಲಾ?”

ಮಾರಪ್ಪನ್ ಹಾಗೆ ಹೇಳಿದ್ದು ಮೊದಲಾಳಿಗೆ ಗೊತ್ತೇ ಇರಲಿಲ್ಲವೆಂದು ಅವರ ಮುಖವೇ ಹೇಳಿತು. ನನ್ನ ಬಾಯಿ ಸುಮ್ಮನಿರಲಿಲ್ಲ. “ಕಾನೂನೂ ಕೂರಿ ಅಂತಲೇ ಹೇಳುತ್ತೆ ಸಾರ್. ಅಕ್ಕನ್ನ ಕಳಿಸಿದ್ರೆ ನಾವೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ಹೋಗ್ತೀವಿ.” ಹಿಂದೆ ನಿಂತಿದ್ದ ಮಾರಾಟದ ಹುಡುಗಿ ಗೋಕಿಲಾ “ಆಮಾ”, ಹೌದು, ಎಂದಳು, ಉಳಿದ ಹುಡುಗಿಯರೂ “ಆಮಾ” ಎಂದರು.

ಮೊದಲಾಳಿ ಸ್ಟೂಲುಗಳನ್ನು ನೋಡಿದರು, ತಾಯಿಯನ್ನು ನೋಡಿದರು. ಕಾನೂನನ್ನು ಗೋಡೌನಿಗೆ ಹಾಕಿದವರು, ಕುಂಕುಮ ಹಚ್ಚಿದ್ದನ್ನು ಹಾಕುವುದು ಹೇಗೆ? ಕೊನೆಗೆ ನಕ್ಕುಬಿಟ್ಟರು.

“ಒಂದ್ಕಡೆ ಸರ್ಕಾರ, ಒಂದ್ಕಡೆ ಅಮ್ಮ. ನಾ ಎಲ್ಲಿಗ್ ಓಡಾದು? ಯಾರೂ ಎಲ್ಲಿಗೂ ಹೋಗ್ಬೇಡಿ. ಅಕ್ಕಾ, ನಾಳೆ ಬಂದು ಕೂರಿ. ಎಲ್ರೂ ಕೂರಿ.”

ಅಕ್ಕ ಅಲ್ಲೇ ಪೊಟ್ಟಣ ಬಿಚ್ಚಿ ನಮಗೆಲ್ಲ ಪುರಿ ಹಂಚಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ಕಡಲೆ. ನನಗೆ ಅಷ್ಟು ಸಂತೋಷವಾದದ್ದು ಈ ಊರಿಗೆ ಬಂದ ಮೇಲೆ ಅದೇ ಮೊದಲು.

ಮರುದಿನ ವಿಜಯದಶಮಿ. ಮದುವೆಯ ಸೀರೆಗೆ ಬಂದ ದೊಡ್ಡ ಕುಟುಂಬವೊಂದನ್ನು ಕಳಿಸಿಕೊಟ್ಟು, ಕುಂಕುಮದ ಬೊಟ್ಟಿನ್ನೂ ಮಾಸದ ಸ್ಟೂಲುಗಳ ಮೇಲೆ ನಾವು ಕೂತೆವು. ಮಾರಪ್ಪನ್ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಮೀಸೆ ಚಿಗುರುವ ಮೊದಲೇ ಈ ಅಂಗಡಿ ಸೇರಿದವನಂತೆ. ನಮಗಿಂತ ಹೆಚ್ಚು ನಿಂತವನು ಅವನೇ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಪಳನಿಯಮ್ಮಾಳ್ ಅಕ್ಕ ಒಂದು ಸ್ಟೂಲನ್ನು ಅವನತ್ತ ಕೈಯಿಂದ ಸರಿಸಿದಳು. ಕಾನೂನು ನಿನಗೂ ಉಂಟು, ಬಾ ಅಣ್ಣಾ, ಎಂದು ತಮಿಳಿನಲ್ಲಿ ಕರೆದಳು.

ಅವನು ಗಲ್ಲಾದ ಕಡೆ ನೋಡಿದ. ಮೊದಲಾಳಿ ಬೇಕೆಂದೇ ಫೋನು ನೋಡುತ್ತಿದ್ದರು. ಮೆಲ್ಲಗೆ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿ “ಅಪ್ಪಾಡಾ” ಎಂದ.

ಸ್ವಲ್ಪ ಹೊತ್ತಿಗೆ ಗಿರಾಕಿಗಳು ಬಂದರು. ನಾವೆಲ್ಲ ಎದ್ದೆವು. ಮಾರಪ್ಪನ್ ಏಳಲಿಲ್ಲ.