ಎಲೆದೋಟಕ್ಕೆ ಚಪ್ಪಲಿ ಮೆಟ್ಟಿಕೊಂಡು

ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಅಂಗೈಯಿಂದ ಒತ್ತಿ ಒತ್ತಿ ನಾದುತ್ತಿದ್ದೆ. ಹಿಟ್ಟು ಜಿಗಿ ಬರುವ ಹೊತ್ತಿಗೆ ಸರಿಯಾಗಿ ನನ್ನ ತಮ್ಮ ಗಿರಿಯಪ್ಪನ ಹೆಂಡತಿ ಚೌಡವ್ವ ಬಂದು ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಏಳ್ರಿ ಅಕ್ಕಾರ. ನೀವ್ಯಾಕ ಮಾಡ್ತೀರಿ? ನಾ ಸತ್ತೇನೇನು?"

"ನಾಕು ರೊಟ್ಟಿ ಬಡದ್ರ ಏನಾಕ್ಕೈತವಾ?"

"ಮಂದಿ ನನ್ನ ಮಾರಿಗೆ ಉಗುಳ್ತಾರ. ವಿಮಾನದಾಗ ಬಂದಾಕಿ ಕೈಲೆ ರೊಟ್ಟಿ ಬಡಸ್ತಾಳ ನೋಡ್ರಿ ಅಂತಾರ. ಹೊರಗ ಕುಂದರ್ರಿ, ಚಾ ತರ್ತೇನಿ."

ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತೆ. ಸವಣೂರಿಗೆ ಮರಳಿ ಬಂದಾಗಿನಿಂದ ನನ್ನ ಜಾಗ ಅದೇ ಆಗಿತ್ತು.

ನನ್ನ ಗಂಡ ತೀರಿಕೊಂಡ ಹೊತ್ತಿಗೆ ಶಿಗ್ಗಾವಿಯ ಮಾಸ್ತರರೊಬ್ಬರು ಝಾಂಬಿಯಾ ದೇಶಕ್ಕೆ ಕಲಿಸಲು ಹೊರಟಿದ್ದರು. ಅವರ ಹೆಂಡತಿ ಸರೋಜವ್ವನವರು ಕೂಸು ನೋಡಿಕೊಳ್ಳಲೆಂದು ನನ್ನನ್ನೂ ಕರೆದುಕೊಂಡು ಹೋದರು. ಎಪ್ಪತ್ತೆರಡರಲ್ಲಿ ಹೋದವಳು ಎಂಬತ್ತನಾಲ್ಕರ ಮಳೆಗಾಲದಲ್ಲಿ ತಿರುಗಿ ಬಂದೆ. ಹೋಗುವಾಗ ನನ್ನ ಉಡಿಯಲ್ಲಿದ್ದ ಆ ಕೂಸು ಶಕ್ಕು, ಬರುವಾಗ ನನ್ನ ಹೆಗಲಿಗೆ ಹೆಗಲು ಕೊಟ್ಟು ನಿಂತು ಅತ್ತಳು. ಅಲ್ಲಿ ಒಮ್ಮೆ ಮೋಟಾರಿನಲ್ಲಿ ಹೋಗುವಾಗ ಬಯಲಲ್ಲಿ ಒಂದು ದೈತ್ಯ ಮರ ಕಂಡು, "ನಿಲ್ಲಸ್ರಿ, ನಿಲ್ಲಸ್ರಿ, ನಮ್ಮೂರ ಮಠದ ದೊಡ್ಡ ಹುಣಸಿಮರ!" ಎಂದು ಚೀರಿದ್ದೆ. ಮಾಸ್ತರರು ನಕ್ಕು, ಇದಕ್ಕೆ ಇಲ್ಲಿ ಬಾವೊಬಾಬ್ ಅಂತಾರೆ, ಇದರ ಮೂಲವೇ ಈ ಸೀಮೆ, ನಮ್ಮೂರಲ್ಲಿರುವುದೇ ಇಲ್ಲಿಂದ ಬಂದದ್ದು ಎಂದಿದ್ದರು. ನಾನು ನಂಬಲಿಲ್ಲ. ಇಳಿದು ಅದರ ಬೊಡ್ಡೆಗೆ ಕೆನ್ನೆ ಹಚ್ಚಿ ನಿಂತೆ. ಕಣ್ಣು ಮುಚ್ಚಿದರೆ ಸವಣೂರಿನ ಖಾರದ ಅಂಗಡಿಯ ಎಣ್ಣೆಯ ವಾಸನೆ ಬಂದಂತಾಗುತ್ತಿತ್ತು.

ಆದರೆ ಸವಣೂರಿಗೆ ತಿರುಗಿ ಬಂದ ಮೇಲೆ ನಾನು ಮನೆಯವಳಾಗದೆ ಬೀಗತಿಯಾದೆ. ಎಲ್ಲರಿಗೂ ರೊಟ್ಟಿ, ನನಗೊಬ್ಬಳಿಗೆ ಚಪಾತಿ. ನನ್ನ ತೊಡೆಯ ಮೇಲೆ ಬೆಳೆದ ಗಿರಿಯಪ್ಪ "ಊಟಾ ಆತ್ರಿ ಅಕ್ಕಾರ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಓಣಿಯವರು ಬಂದರೆ ಮೊದಲ ಮಾತು, "ಮತ್ತ ಯಾವಾಗ ಹೊಂಟ್ರಿ?"

ದೀಪಾವಳಿಗೆ ಸರೋಜವ್ವನವರ ಪತ್ರ ಬಂದಿತ್ತು. "ನಿನ್ನ ಕೋಣೆ ಹಾಗೇ ಇದೆ. ಬರುವುದಾದರೆ ಟಿಕೀಟು ಕಳಿಸುತ್ತೇವೆ. ಅಲ್ಲೇ ಇರುವುದಾದರೆ ಹಾಗಂತ ಬರೆ. ಶಕ್ಕು ದಿನಾಲು ಕೇಳುತ್ತಾಳೆ." ಹೋಳಿ ಹುಣ್ಣಿಮೆ ಕಳೆದರೂ ನಾನು ಉತ್ತರ ಬರೆದಿರಲಿಲ್ಲ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳೇನೂ ಮರೆತಿರಲಿಲ್ಲ. ಬರುತ್ತೇನೆ ಎನ್ನಲು ಮನಸ್ಸಿರಲಿಲ್ಲ. ಬರುವುದಿಲ್ಲ ಎನ್ನಬೇಕಾದರೆ ಇದು ನನ್ನ ಮನೆ ಎಂದಾದರೂ ಅನ್ನಿಸಬೇಕಲ್ಲ.

ಆ ದಿನ ಚೌಡವ್ವ ಹಿತ್ತಲಿಗೆ ಹೋದದ್ದು ನೋಡಿ, ಗಿರಿಯಪ್ಪನ ಬುತ್ತಿ ಎತ್ತಿಕೊಂಡು ಕಳ್ಳಿಯ ಹಾಗೆ ಹೊರಬಿದ್ದೆ. ಅವನು ಎಲೆದೋಟದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕಿದ್ದ. ನಾನೂ ಸಣ್ಣವಳಿದ್ದಾಗ ಅದೇ ತೋಟದಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದೆ. ಬೇಲಿ ದಾಟಿದ್ದೇ ತಡ, ಬಿಸಿಲು ಹಿಂದೆ ಉಳಿಯಿತು. ಹಸಿ ಮಣ್ಣು, ಎಲೆಯ ಖಾರ ವಾಸನೆ, ನುಗ್ಗೆಮರಗಳಿಗೆ ಹಬ್ಬಿದ ಬಳ್ಳಿಗಳ ತಂಪು ನೆರಳು. ನಾನು ಮೈಮರೆತು ಒಳಗೆ ಹೋಗುತ್ತಲೇ ಇದ್ದೆ.

"ಏ! ಯಾರಾಕೀ ಅದು, ಮೆಟ್ಟು ಹಾಕ್ಕೊಂಡು ಬಳ್ಳೀ ತನಕಾ ಬಂದಾಳ!"

ಕಾಲು ನೋಡಿಕೊಂಡೆ. ಪರದೇಶದಲ್ಲಿ ಹಾಸಿಗೆ ಬಿಟ್ಟು ಇಳಿದರೆ ಚಪ್ಪಲಿ ಮೆಟ್ಟುವುದು ರೂಢಿಯಾಗಿತ್ತು. ಎಲೆದೋಟದೊಳಗೆ ಮಾತ್ರ ತೋಟದ ಧಣಿಯೂ ಬರಿಗಾಲಲ್ಲೇ ಬರಬೇಕು.

ಎಲೆಯ ರಾಶಿಯ ಹಿಂದಿನಿಂದ ಎದ್ದು ಬಂದವಳು ಚಮನಬಿ. ನಾವಿಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಎಲೆ ಜೋಡಿಸಿದವರು. ಗಿರಿಯಪ್ಪ ಏಣಿ ಇಳಿದು ಓಡಿ ಬಂದ.

"ಇರ್ಲಿ ಬಿಡ್ರಿ ಚಮನಕ್ಕಾ. ಪರದೇಶದಾಗ ಇದ್ದು ಬಂದಾರ, ಇಲ್ಲೀದು ಅವ್ರಿಗೇನು ನೆನಪಿರತೈತಿ?"

ಚಮನಬಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೆನಪಿಲ್ಲಾ? ಧಣೇರ ಅಳಿಯ ಬೂಟು ಹಾಕ್ಕೊಂಡು ಬಂದಾಗ ಮಂದ್ಯಾಗ ಅವನ ಮಾನ ಕಳದಾಕಿ ಇಕಿ! ಏ ಅಡಿವಿ, ತಗೀಯೇ ಕಾಲಾಗಿಂದು! ಬಳ್ಳಿ ಕೊಳತ್ರ ನಿನ್ನ ಝಾಂಬ್ಯಾದಿಂದ ತಂದು ಹಚ್ತೀಯೇನ?"

ಅಡಿವಿ! ಬಂದಾಗಿನಿಂದ ಯಾರೂ ನನ್ನನ್ನು ಹಾಗೆ ಹೆಸರು ಹಿಡಿದು ಕರೆದಿರಲಿಲ್ಲ. ಚಪ್ಪಲಿ ಕಳಚಿ ಬೇಲಿಯ ಆಚೆ ಎಸೆದೆ.

"ಎಸದ್ರ ಮುಗೀತೇನು? ಒಂದು ಸಾಲಿಗೆ ನೀರು ಯಾರು ಹಾಕ್ತಾರ?" ಎಂದಳು. ಚಪ್ಪಲಿಗಾಲಲ್ಲಿ ಬಂದವರು ಒಂದು ಸಾಲಿನ ಬಳ್ಳಿಗಳಿಗೆಲ್ಲ ಕೊಡದಿಂದ ನೀರು ಹಾಕಬೇಕು. ಅದು ನಮ್ಮ ತೋಟದ ದಂಡ.

"ನಾ ಹಾಕ್ತೇನಿ," ಎಂದ ಗಿರಿಯಪ್ಪ.

"ನೀ ಹಾಕಿದ್ರ ನಡಿಯೂದಿಲ್ಲ. ಬೀಗರಿಗಾದ್ರ ಮಾಫಿ ಐತಿ, ಮನಿ ಮಂದಿಗಿಲ್ಲ. ಇಕಿ ಯಾರು? ಬೀಗತಿಯೇನು, ಮನ್ಯಾಕಿಯೇನು? ನೀನ ಹೇಳೋ ಗಿರ್ಯಾ."

ಎಲೆ ಜೋಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಗಿರಿಯಪ್ಪ ನೆಲ ನೋಡಿದ, ನನ್ನನ್ನು ನೋಡಿದ. ಆಮೇಲೆ ಬಾವಿಕಟ್ಟೆಗೆ ಹೋಗಿ ಕೊಡ ತಂದು ನನ್ನ ಕೈಗೆ ಕೊಟ್ಟ.

"ತಗೋ ಅಕ್ಕಾ. ಪೂರಾ ಸಾಲು ಹಾಕು. ನಡುವ ಕುಂತೀ ಅಂದ್ರ ನಾ ಕೇಳಾಂವಲ್ಲ."

ಹೆಂಗಸರು ನಕ್ಕರು. ನಾನು ಸೀರೆ ಎತ್ತಿ ಕಟ್ಟಿದೆ. ಕೆಸರು ಬೆರಳುಗಳ ಸಂದಿಯಿಂದ ತಣ್ಣಗೆ ಮೇಲೆ ಬಂತು. ನಡುವೆ ಕೂಡಬೇಕಾಯಿತು, ಕೂತೆ. ಗಿರಿಯಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ನೀ ತಿರುಗಿ ಹೋಗಾಕಿ ಅಂತ ತಿಳಿದಿದ್ನಿ. ಹಚಗೊಂಡ್ರ ಮತ್ತ ಕಳಸೂದು ಹೆಂಗ ಅಂತ ದೂರ ಇದ್ನಿ," ಎಂದ.

"ಹುಚ್ಚ," ಎಂದೆ. "ಬಾಯಿ ಬಿಟ್ಟು ಕೇಳಾಕ ಏನಾಗಿತ್ತು?"

"ನೀನೂ ಹೇಳಲಿಲ್ಲ."

ಮರುದಿನ ಮಧ್ಯಾಹ್ನ ವಿಮಾನ ಟಪಾಲಿನ ನೀಲಿ ಕಾಗದ ಬಿಡಿಸಿ ಕುಳಿತೆ. ಸರೋಜವ್ವನವರಿಗೆ ಬರೆದದ್ದು ಬೇಗ ಮುಗಿಯಿತು. ಶಕ್ಕುವಿಗೆ ಬರೆಯುವಾಗ ಕೈ ನಿಂತು ನಿಂತು ನಡೆಯಿತು. "ನಾ ಬರೂದಿಲ್ಲವ್ವಾ. ನಿನ್ನ ಮ್ಯಾಲಿನ ಮಾಯೆ ಕಡಿಮಿ ಆಗಿ ಅಲ್ಲ. ಇಲ್ಲಿ ನನ್ನ ಮಂದಿ ನನಗ ಬೈಯಾಕ ಹತ್ಯಾರ. ಸೂಟಿಯೊಳಗ ನೀನ ಬಾ. ಬರಿಗಾಲಲ್ಲಿ ನಡೆಯೂದು ಕಲಿಸ್ತೇನಿ." ವಿಳಾಸದ ಇಂಗ್ಲಿಷ್ ಅಕ್ಷರಗಳನ್ನು ಅವರ ಪತ್ರ ನೋಡಿ ಒಂದೊಂದಾಗಿ ಬರೆದೆ.

ಅಂಚೆ ಕಚೇರಿಯಲ್ಲಿ ಜವಾನ ನಾಗಪ್ಪ ಟಪಾಲು ಚೀಲ ಕಟ್ಟುತ್ತಿದ್ದ. "ಡಬ್ಬಿಗ್ಯಾಕ ಹಾಕ್ತೀಬೇ, ತಾ ಇಲ್ಲೆ. ಟಪಾಲು ಮೋಟಾರು ನಿಂತೈತಿ," ಎಂದ. ಒಂದು ಗಳಿಗೆ ಕಾಗದವನ್ನು ಬಿಡಲಾಗಲಿಲ್ಲ. ಆಮೇಲೆ ಕೊಟ್ಟೆ. ಅವನು ಟಪ್ಪೆಂದು ಮುದ್ರೆ ಒತ್ತಿ ಚೀಲಕ್ಕೆ ಹಾಕಿ, ಬಾಯಿಗೆ ದಾರ ಬಿಗಿದು, ಹೆಗಲಿಗೆ ಏರಿಸಿಕೊಂಡು ಹೊರಗೆ ಹೋದ.