ಮೂರನೆಯ ಚೂರು

ಪಂಕಜಾಕ್ಷಿ ಕುಂದಾಪುರದ ಕಡೆಯವರು. ಮದುವೆಯಾಗಲಿಲ್ಲ. ಪುಣೆಗೆ ಬಂದು ಮೂವತ್ತು ವರ್ಷ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ರೋಗಿಗಳ ದೇಹದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವ ಡಾಕ್ಟರು. ಆ ರೋಗಿಗಳ ಮುಖ ಮಾತ್ರ ನೋಡಿದ್ದೇ ಇಲ್ಲ.

ಆ ಮಂಗಳವಾರ ಬಂದದ್ದು ಮೂರು ತಿಂಗಳ ಹೆಣ್ಣುಮಗುವಿನ ಕರುಳಿನ ಚೂರು. ಹುಟ್ಟಿ ಮೂರು ದಿನವಾದರೂ ಮಗು ಕಕ್ಕ ಮಾಡಿರಲಿಲ್ಲ. ಹೊಟ್ಟೆ ಉಬ್ಬಿ ಬಿಗಿದು, ಹಸಿರು ವಾಂತಿಯಾಗಿತ್ತು. ಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲವೆಂದು ಆಗ ಬರೆದುಕೊಟ್ಟವರೂ ಇವರೇ. ಆ ಕೋಶಗಳಿಲ್ಲದ ಕರುಳು ಸಡಿಲಾಗುವುದಿಲ್ಲ, ಮಲವನ್ನು ಮುಂದಕ್ಕೆ ತಳ್ಳುವುದಿಲ್ಲ. ಮೇಲಿನದೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಇಷ್ಟು ದಿನ ನಳಿಗೆಯಿಂದ ಕರುಳು ತೊಳೆದು ಮಲ ತೆಗೆಯುತ್ತಿದ್ದರು. ಈಗ ಆ ಭಾಗ ಕತ್ತರಿಸಿ ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆಳೆದು ಹೊಲಿಯಬೇಕು. ಒಳ್ಳೆಯದು ಎಲ್ಲಿಂದ ಶುರು ಎಂದು ಪಂಕಜಾಕ್ಷಿ ಹೇಳಬೇಕು.

ಮೊದಲ ಚೂರಿನಲ್ಲಿ ಒಂದೂ ಕೋಶವಿರಲಿಲ್ಲ. ಸ್ವಲ್ಪ ಮೇಲಿನಿಂದ ಎರಡನೆಯದು ಬಂತು. ಅದನ್ನು ನೋಡುತ್ತಿರುವಾಗಲೇ ಆಪರೇಷನ್ ಥಿಯೇಟರಿನಿಂದ ಸರ್ಜನ್ ಬಿಂದುಮಾಧವರ ಫೋನು.

“ಸಿಕ್ತಾ ಮೇಡಂ?”

“ಎರಡೇ ಕೋಶ ಇವೆ, ಅದೂ ಒಂದೇ ಬದಿಯಲ್ಲಿ. ನರದ ಎಳೆಗಳೂ ಇರಬೇಕಾದ್ದಕ್ಕಿಂತ ದಪ್ಪ ಇವೆ.”

“ಅಷ್ಟು ಸಾಕಲ್ವಾ? ಮಗುಗೆ ಮತ್ತಿನ ಮದ್ದು ಕೊಟ್ಟು ಮೂರು ಗಂಟೆ ಆಯ್ತು.”

“ಸಾಲದು. ಇಲ್ಲಿ ಹೊಲಿದ್ರೆ ಮತ್ತೆ ಕಟ್ಟಿಕೊಳ್ತದೆ, ಇನ್ನೊಂದು ಆಪರೇಷನ್ ಬೇಕಾಗ್ತದೆ. ಇನ್ನೂ ಮೇಲಿಂದ ಕಳಿಸಿ.”

ಬಿಂದುಮಾಧವರು ಫೋನಿಟ್ಟರು. ಪಂಕಜಾಕ್ಷಿ ಎರಡನೆಯ ಚೂರನ್ನು ಮತ್ತೊಮ್ಮೆ ನೋಡಿದರು. ತಪ್ಪಿದರೆ? ‘ನೀವೊಮ್ಮೆ ನೋಡಿ’ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೂರನೆಯ ಚೂರು ಬಂತು. ಸುತ್ತಲೂ, ಸ್ನಾಯುವಿನ ಪದರಗಳ ನಡುವೆ, ಗೊಂಚಲು ಗೊಂಚಲಾಗಿ ದಪ್ಪ ದಪ್ಪ ಕೋಶಗಳು. ಎರಡೆರಡು ಸಲ ನೋಡಿ ಫೋನೆತ್ತಿದರು.

“ಇವೆ. ಇಲ್ಲಿ ಹೊಲೀಬಹುದು.”

ಸಂಜೆ ಎಂದಿನಂತೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮೇಲಿನ ವಾರ್ಡಿಗೆ ಹೋದರು. ಬಾಗಿಲ ಹೊರಗೆ ಒಬ್ಬ ಹುಡುಗಿ ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದಳು: “ಡಾಕ್ಟರು ಮರಾಠಿಯಾಗ ಏನೇನೋ ಹೇಳಿದ್ರು, ನನಗ ಪೂರಾ ತಿಳೀಲಿಲ್ಲ. ಇಲ್ಲಿ ನಾ ಒಬ್ಬಾಕಿನೇ ಕುಂತೀನಿ.” ಅವಳೇ ಆ ಮಗುವಿನ ತಾಯಿ ದೀಪಾಲಿ ಎಂದು ನರ್ಸ್ ಹೇಳಿದಳು. ಗಂಡನಿಗೆ ಚಾಕಣದ ಕಾರ್ಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ.

ಪಂಕಜಾಕ್ಷಿ ಪಕ್ಕದಲ್ಲಿ ಕೂತು ಆದದ್ದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದರು.

“ಬಸುರಿದ್ದಾಗ ನಾ ಏನರ ತಿನ್ನಬಾರದ್ದು ತಿಂದೆನೇನ್ರಿ?”

“ಇಲ್ಲಮ್ಮ. ಗರ್ಭದಲ್ಲಿ ಆ ಕೋಶಗಳು ಮೇಲಿಂದ ಕರುಳಿನ ಕೊನೆವರೆಗೆ ಇಳಿದು ಬರಬೇಕು. ಕೊನೆ ಮುಟ್ಟಲಿಲ್ಲ, ಅಷ್ಟೇ. ನಿಮ್ಮ ತಪ್ಪಲ್ಲ.”

ದೀಪಾಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕೇಳಿದಳು: “ಇನ್ನ ಮುಂದ ಆರಾಮ ಇರತಾಳಲ್ರಿ?”

“ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೀತಾರೆ. ಮೊದಲು ಸ್ವಲ್ಪ ತೊಂದರೆ ಇರ್ತದೆ. ಹೊಟ್ಟೆ ಉಬ್ಬಿ ಜ್ವರ ಬಂದ್ರೆ ಮಾತ್ರ ತಡ ಮಾಡ್ಬೇಡಿ, ಕೂಡಲೇ ಕರ್ಕೊಂಡು ಬನ್ನಿ.”

“ನೀವು ಯಾರ್ರಿ ಬಾಯಾರ?”

“ಇಲ್ಲೇ ಕೆಳಗೆ ಕೆಲಸ ಮಾಡ್ತೇನೆ.”

ಶುಕ್ರವಾರ ದೀಪಾಲಿ ನೆಲಮಾಳಿಗೆಯನ್ನು ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತು ನಕ್ಕಳು. “ಬಾಯಾರ, ಕೂಸು ಸಂಡಾಸ ಮಾಡೇದ್ರಿ! ತಾನಾಗೇ!”

ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಮಗು ಎದ್ದೀತೆಂದು ದೀಪಾಲಿ ಓಡಿದಳು.

ಖರಾಡಿ ಬಡಾವಣೆಯ ತಮ್ಮ ಮನೆಗೆ ಬಂದ ಮೇಲೆ ಪಂಕಜಾಕ್ಷಿಗೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಊರಿನ ಅಣ್ಣನಿಗೆ ಫೋನ್ ಮಾಡಿದರು. ಆ ಕಡೆ ನೆಂಟರ ಗದ್ದಲ.

“ಆಮೇಲೆ ಮಾತಾಡ್ತೆ, ಆಯ್ತಾ?” ಎಂದರು ಅಣ್ಣ.

“ಆಯ್ತು” ಎಂದು ಪಂಕಜಾಕ್ಷಿ ಫೋನಿಟ್ಟು ಗಂಜಿಗೆ ಅಕ್ಕಿ ತೊಳೆಯಲು ಎದ್ದರು.